ನೈಲ್ ತೀರದ ರಕ್ಷೆಗಳು

ಭಯವಿದ್ದ ಕಡೆ ರಕ್ಷೆಯೂ ಉಂಟು. ಹಾವಿನ ವಿಷ, ಹಸುಳೆಯ ಜ್ವರ, ಹೆರಿಗೆಯ ಸಂಕಟ, ಕಡೆಗೆ ಮೃತ್ಯು—ಇವುಗಳಿಗೆ ಅಂಜಿ ಕೊರಳಿಗೋ ತೋಳಿಗೋ ತಾಯಿತ ಕಟ್ಟಿಕೊಳ್ಳದ ಜನಾಂಗ ವಿರಳ. ಆದರೆ ಪ್ರಾಚೀನ ಈಜಿಪ್ಟಿನವರಷ್ಟು ಅರ್ಥವನ್ನು ಈ ಪುಟ್ಟ ವಸ್ತುಗಳಲ್ಲಿ ತುಂಬಿದವರು ಅಪರೂಪ. ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿಯವರು 1914ರಲ್ಲಿ ಇವನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿ, 200ಕ್ಕೂ ಹೆಚ್ಚು ಬಗೆಗಳನ್ನು ವಿಂಗಡಿಸಿದರು.

ಇವುಗಳ ಮರ್ಮವನ್ನರಿಯಲು ಮೊದಲು ಶಬ್ದವನ್ನು ಹಿಡಿಯಬೇಕು. ಸಗಣಿಯ ಉಂಡೆಯನ್ನು ಉರುಳಿಸಿಕೊಂಡು ಹೋಗುವ ಜೀರುಂಡೆಯನ್ನು ನಾವೆಲ್ಲ ಬಲ್ಲೆವು. ಈಜಿಪ್ಟಿನವರ ಕಣ್ಣಿಗೆ ಅದು ಸೂರ್ಯಗೋಳವನ್ನು ಆಕಾಶದಲ್ಲಿ ನೂಕುವ ಶಕ್ತಿಯಂತೆ ಕಂಡಿತು. ಉಂಡೆಯೊಳಗಿಂದ ಮರಿ ಹೊರಬರುವುದನ್ನು ಕಂಡು, ಅದು ತನ್ನಿಂದ ತಾನೇ ಹುಟ್ಟುವುದೆಂದು ಅವರು ಬಗೆದರು. ‘ಖೆಪೆರ್’ ಎಂದರೆ ಆಗು, ಉಂಟಾಗು ಎಂದರ್ಥ. ಆ ಕ್ರಿಯಾಪದವನ್ನು ಬರೆಯುತ್ತಿದ್ದುದು ಜೀರುಂಡೆಯ ಚಿತ್ರದಿಂದಲೇ. ಉದಯಸೂರ್ಯನಿಗೆ ‘ಖೆಪ್ರಿ’ ಎಂದು ಹೆಸರು. ಆದುದರಿಂದ ಜೀರುಂಡೆಯ ರಕ್ಷೆಯನ್ನು ಧರಿಸಿದವನು ‘ನಾನು ಮತ್ತೆ ಹುಟ್ಟುವೆನು’ ಎಂಬ ಮಾತನ್ನೇ ಧರಿಸಿದಂತೆ.

ಹೋರಸನ ಕಣ್ಣಿನ ಕಥೆಯೂ ಇಂಥದೇ. ತಂದೆ ಒಸೈರಿಸನನ್ನು ಕೊಂದ ಸೇತನೊಡನೆ ಹೋರಸನು ಹೋರಾಡಿದಾಗ ಅವನ ಕಣ್ಣು ಕಿತ್ತುಹೋಯಿತು. ಜ್ಞಾನದೇವತೆಯಾದ ಥೋತನು ಅದನ್ನು ಸರಿಪಡಿಸಿದನು. ಆ ಕಣ್ಣಿಗೆ ‘ವೆಜಾತ್’, ಅಂದರೆ ಅಖಂಡವಾದುದು, ಸ್ವಸ್ಥವಾದುದು ಎಂಬ ಹೆಸರು. ಗಾಯಗೊಂಡು ಗುಣವಾದ ಕಣ್ಣೇ ರೋಗಿಗೆ ಅಭಯವಾಯಿತೆಂಬುದು ಎಷ್ಟು ಉಚಿತ! ಜೆದ್ ಎಂಬ ಕಂಬ ಒಸೈರಿಸನ ಬೆನ್ನೆಲುಬು, ಸ್ಥಿರತೆಯ ಸಂಕೇತ. ಗಂಟಿನಾಕಾರದ ರಕ್ಷೆ ಐಸಿಸ್ ದೇವಿಯದು. ಬಸುರಿಯಾದ ನೀರುಕುದುರೆಯ ರೂಪದ ತವೆರೆತ್, ಗರ್ಭಿಣಿಯರನ್ನೂ ಬಾಣಂತಿಯರನ್ನೂ ಕಾಯುವವಳು.

ಆಕಾರದಂತೆ ಬಣ್ಣಕ್ಕೂ ಅರ್ಥವುಂಟು. ಹಸಿರು, ಚಿಗುರಿನ ಬಣ್ಣ, ನವಜೀವನ. ಕೆಂಪು ರಕ್ತದ ಬಣ್ಣ. ಆದುದರಿಂದ ಐಸಿಸಳ ಗಂಟನ್ನು ಕೆಂಪು ಜಾಸ್ಪರ್ ಕಲ್ಲಿನಲ್ಲಿ ಮಾಡಬೇಕೆಂದು ‘ಮೃತರ ಗ್ರಂಥ’ದ ವಿಧಿ. ಚಿನ್ನವಂತೂ ದೇವತೆಗಳ ಮೈಯೇ. ನೀಲಿ ವೈಡೂರ್ಯಶಿಲೆಯು ದೂರದ ಆಫ್ಘಾನಿಸ್ತಾನದ ಬೆಟ್ಟಗಳಿಂದ ಬರಬೇಕಾಗಿತ್ತು. ಹಾಗಾದರೆ ಬಡವನ ಗತಿಯೇನು? ಅವನಿಗೂ ದಾರಿಯಿತ್ತು. ಬೆಣಚುಕಲ್ಲಿನ ಪುಡಿಗೆ ಕ್ಷಾರವನ್ನೂ ಸುಣ್ಣವನ್ನೂ ತಾಮ್ರದ ಅಂಶವನ್ನೂ ಬೆರೆಸಿ ಸುಟ್ಟರೆ ಹಸಿರುನೀಲಿಯ ಹೊಳಪು ಬರುತ್ತಿತ್ತು. ಇಂದು ಫೈಯಾನ್ಸ್ ಎಂದು ಕರೆಯುವ ಇದನ್ನು ಅವರು ‘ಹೊಳೆಯುವಂಥದು’ ಎಂಬರ್ಥದ ಪದದಿಂದ ಕರೆದರು. ರತ್ನವಿಲ್ಲದಿದ್ದರೂ ರತ್ನದ ಬಣ್ಣವಿದ್ದರೆ ರಕ್ಷೆ ಫಲಿಸುತ್ತದೆಂಬುದು ನಂಬಿಕೆ.

ಇವೆಲ್ಲಕ್ಕಿಂತ ಚಿಂತನೆಗೆ ಹಚ್ಚುವುದು ಹೃದಯದ ಜೀರುಂಡೆ. ಸತ್ತವನ ಹೃದಯವನ್ನು ಒಸೈರಿಸನ ಸಭೆಯಲ್ಲಿ ತಕ್ಕಡಿಗಿಟ್ಟು, ಸತ್ಯದೇವತೆ ಮಾತಳ ಗರಿಯೊಡನೆ ತೂಗುವರು. ತೂಕ ತಪ್ಪಿದರೆ ಮೊಸಳೆಯ ಮುಖದ ಅಮ್ಮಿತ್ ಅದನ್ನು ನುಂಗುವಳು. ಆ ಗಳಿಗೆಯಲ್ಲಿ ತನ್ನ ವಿರುದ್ಧ ಸಾಕ್ಷಿ ಹೇಳಬೇಡವೆಂದು ತನ್ನ ಹೃದಯವನ್ನೇ ಬೇಡಿಕೊಳ್ಳುವ ಮಂತ್ರವನ್ನು ಈ ರಕ್ಷೆಯ ತಳದಲ್ಲಿ ಕೆತ್ತುತ್ತಿದ್ದರು. ಹಾವಿಗೂ ಜ್ವರಕ್ಕೂ ರಕ್ಷೆ ಕಂಡುಕೊಂಡ ಜನ, ಕಟ್ಟಕಡೆಗೆ ಅಂಜಿದ್ದು ಒಳಗಿನ ಸಾಕ್ಷಿಗೆ. ಸತ್ಯವನ್ನು ತೂಗುವ ತಕ್ಕಡಿಯನ್ನು ಕಲ್ಪಿಸಿದವರೇ ಅದರ ಮುಂದೆ ಕರುಣೆಯನ್ನೂ ಯಾಚಿಸಿದರು.

1916ರಲ್ಲಿ ದಕ್ಷಿಣ ಈಜಿಪ್ಟಿನ ಎಡ್ಫು ಬಳಿ ದೊರೆತ ಹುಡುಗನೊಬ್ಬನ ಶವವು ಬಿಚ್ಚದೆಯೇ ಕೈರೋ ವಸ್ತುಸಂಗ್ರಹಾಲಯದಲ್ಲಿ ಉಳಿದಿತ್ತು. ಕೈರೋ ವಿಶ್ವವಿದ್ಯಾಲಯದ ವಿದ್ವಾಂಸರು ಬಟ್ಟೆ ಬಿಚ್ಚದೆ ಕ್ಷಕಿರಣಗಳಿಂದ ಪರೀಕ್ಷಿಸಿ, 2023ರಲ್ಲಿ ವಿವರಗಳನ್ನು ಪ್ರಕಟಿಸಿದರು. ಸುಮಾರು 2300 ವರ್ಷಗಳ ಹಿಂದೆ ಸತ್ತ ಆ ಬಾಲಕನಿಗೆ ವಯಸ್ಸು 14–15. ಅವನ ಮೈಮೇಲೂ ಒಳಗೂ 21 ಬಗೆಯ 49 ರಕ್ಷೆಗಳು. ಬಾಯಲ್ಲಿ ಪರಲೋಕದಲ್ಲಿ ಮಾತಾಡಲೆಂದು ಚಿನ್ನದ ನಾಲಗೆ. ಎದೆಯೊಳಗೆ ಚಿನ್ನದ ಜೀರುಂಡೆ.

ಹದಿನೈದು ತುಂಬದ ಹುಡುಗನ ಹೃದಯವು ಅವನ ಮೇಲೆ ಹೇಳಬಹುದಾಗಿದ್ದ ದೂರಾದರೂ ಎಷ್ಟು? ಆದರೂ ಅವನ ಕಡೆಯವರು ಒಂದನ್ನೂ ಮರೆಯಲಿಲ್ಲ. ಆ ರಕ್ಷೆಗಳು ಅವನನ್ನು ಎಲ್ಲಿಗೆ ಮುಟ್ಟಿಸಿದವೋ ಹೇಳಬಲ್ಲವರಿಲ್ಲ. ಅವನನ್ನು ಕಳುಹಿಸಿಕೊಟ್ಟವರ ಮಮತೆಯನ್ನಂತೂ ನಮ್ಮವರೆಗೆ ಮುಟ್ಟಿಸಿವೆ.