ಇತಿಹಾಸದಲ್ಲಿ ಈ ದಿನ: ಜನವರಿ 2

ವಿಜಯಪುರದ ಮಂದಿಗೆ ಜನವರಿ 2 ಅಂದ್ರೆ ಮೊದಲು ನೆನಪಾಗೋದು 2023ರ ವೈಕುಂಠ ಏಕಾದಶಿ. ಅಂದು ಸಂಜೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದರು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯವರು, ಮಲ್ಲಿಕಾರ್ಜುನ ಸ್ವಾಮೀಜಿಯವರ ಶಿಷ್ಯರು, ಜೇಬಿಲ್ಲದ ಬಿಳಿ ಅಂಗಿಯ ಪ್ರವಚನಕಾರರು. ಮರುದಿನ ಸೈನಿಕ ಶಾಲೆಯಲ್ಲಿ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಸೇರಿದ್ದರು.

ಸ್ವಾಮಿಗಳಿಗೆ ಸಮಾಧಿ ಮಾಡೋದು ಈ ಕಡೆ ವಾಡಿಕೆ. ಆದ್ರೆ ದೇಹವನ್ನು ಅಗ್ನಿಗೆ ಕೊಡಬೇಕು, ಚಿತಾಭಸ್ಮ ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಬೇಡ ಅಂತ ಅವರು ಮೊದಲೇ ಬರೆದಿಟ್ಟಿದ್ದರು. ಹಾಗಾಗಿ ಅಗ್ನಿಸಂಸ್ಕಾರವೇ ನಡೆಯಿತು. ಮುಹಮ್ಮದ್ ಆದಿಲ್ ಷಾನ ಗೋರಿ, 44 ಮೀಟರ್ ವ್ಯಾಸದ ಗೋಳಗುಮ್ಮಟ, ಸ್ಟೇಷನ್ ರಸ್ತೆಯಲ್ಲಿ ನಿಂತಿರೋ ಊರಲ್ಲಿ ಇದು ಸಣ್ಣ ಮಾತಲ್ಲ.

ಕಾಕತಾಳೀಯ ನೋಡಿ: 1954ರ ಇದೇ ದಿನ ಭಾರತ ರತ್ನ, ಪದ್ಮ ವಿಭೂಷಣ ಪ್ರಶಸ್ತಿಗಳು ಸ್ಥಾಪನೆಯಾದವು. ಆಗ ಪದ್ಮ ವಿಭೂಷಣದಲ್ಲೇ ಮೂರು ವರ್ಗ. ಮೂರನೆಯದು ಮರುವರ್ಷ ಪದ್ಮಶ್ರೀ ಆಯಿತು. 2018ರಲ್ಲಿ ಆ ಪದ್ಮಶ್ರೀ ಘೋಷಣೆಯಾದಾಗ ಸ್ವಾಮೀಜಿ ಪ್ರಧಾನಿಗೆ ಪತ್ರ ಬರೆದು, ವಿನಯದಿಂದಲೇ ಬೇಡ ಅಂದರು.

ಉಳಿದಂತೆ, 1757ರಲ್ಲಿ ರಾಬರ್ಟ್ ಕ್ಲೈವ್ ಕಲ್ಕತ್ತಾ ಮರಳಿ ವಶಪಡಿಸಿಕೊಂಡ. 1959ರಲ್ಲಿ ಸೋವಿಯತ್ ಒಕ್ಕೂಟದ ಲೂನಾ-1 ಹಾರಿತು (ಚಂದ್ರನಿಗೆ ಗುರಿಯಿಟ್ಟು ತಪ್ಪಿತು). ಅದೇ ದಿನ ಕ್ರಿಕೆಟಿಗ ಕೀರ್ತಿ ಆಜಾದ್ ಜನನ.

1989ರಲ್ಲಿ ರಂಗಕರ್ಮಿ ಸಫ್ದರ್ ಹಾಶ್ಮಿ ತೀರಿಕೊಂಡರು. ಹಿಂದಿನ ದಿನ ಸಾಹಿಬಾಬಾದ್ ಬಳಿ ‘ಹಲ್ಲಾ ಬೋಲ್’ ಬೀದಿನಾಟಕ ಆಡುತ್ತಿದ್ದಾಗ ಅವರ ಮೇಲೆ ದಾಳಿ ನಡೆದಿತ್ತು. ಜನವರಿ 4ರಂದು ಪತ್ನಿ ಮಲಯಶ್ರೀ ತಂಡದ ಜೊತೆ ಅದೇ ಜಾಗಕ್ಕೆ ಹೋಗಿ ನಾಟಕ ಮುಗಿಸಿ ಬಂದರು.