ಎರಡು ಕಾಲಿನ ಸಾಲು: ಹೀಬ್ರೂ ಕೀರ್ತನೆಗಳ ರಚನೆ ಮತ್ತು ಬಳ್ಳಾರಿ ಸೀಮೆಯ ಕನ್ನಡ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಕುರುಗೋಡಾಗಲಿ, ಸಿರುಗುಪ್ಪ ತಾಲ್ಲೂಕಿನ ದೇಶನೂರಾಗಲಿ, ಈ ಗಾದೆ ಗೊತ್ತಿಲ್ಲದ ಕಟ್ಟೆ ಇರಲಾರದು. ಇದರಲ್ಲಿ ಗಣವಿಲ್ಲ, ಮಾತ್ರೆಯ ಲೆಕ್ಕವಿಲ್ಲ. ಆದರೂ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಊಟಕ್ಕೆ ಮಾತು ಜೋಡಿ, ರೋಗಕ್ಕೆ ಜಗಳ ಜೋಡಿ. ಎರಡನೆಯ ಅರ್ಧ ಮೊದಲನೆಯದರ ಪ್ರತಿಧ್ವನಿಯಷ್ಟೇ ಎಂದುಕೊಂಡರೆ ತಪ್ಪಾದೀತು. ಗಾದೆಗೆ ನಿಜವಾಗಿ ಬೇಕಾದದ್ದು ಜಗಳದ ಮಾತು. ಊಟ ಅದಕ್ಕೆ ಮೆಟ್ಟಿಲು. ಪ್ರಾಚೀನ ಹೀಬ್ರೂ ಪವಿತ್ರ ಕಾವ್ಯ ನಿಂತಿರುವುದೂ ಇಂಥ ಜೋಡಿಗಳ ಮೇಲೆಯೇ.

ಈ ಗುಟ್ಟನ್ನು ಶಾಸ್ತ್ರದ ಮಟ್ಟಕ್ಕೆ ತಂದವನು ರಾಬರ್ಟ್ ಲೌತ್. 1741ರಿಂದ ಆಕ್ಸ್‌ಫರ್ಡ್‌ನಲ್ಲಿ ಅವನು ಲ್ಯಾಟಿನ್ ಭಾಷೆಯಲ್ಲಿ ಕೊಟ್ಟ ಉಪನ್ಯಾಸಗಳು 1753ರಲ್ಲಿ ಪುಸ್ತಕವಾದವು. ಹೀಬ್ರೂ ಸಾಲಿನ ಎರಡು ಅರ್ಧಗಳ ಸಂಬಂಧವನ್ನು ಅವನು ಸಮಾನಾರ್ಥ, ವಿರುದ್ಧಾರ್ಥ, ಸಂಯೋಜನೆ ಎಂದು ಮೂರಾಗಿ ವಿಂಗಡಿಸಿದ. ಮೊದಲೆರಡಕ್ಕೆ ಸೇರದ್ದನ್ನೆಲ್ಲ ತುಂಬಿಡುವ ಉಗ್ರಾಣ ಈ ಮೂರನೆಯದು. 1981ರಲ್ಲಿ ಜೇಮ್ಸ್ ಕೂಗೆಲ್ ಈ ವಿಂಗಡಣೆಯನ್ನೇ ಪ್ರಶ್ನಿಸಿದರು: ಎರಡನೆಯ ಅರ್ಧ ಮೊದಲನೆಯದನ್ನು ಹಿಡಿದು ಇನ್ನೊಂದು ಹೆಜ್ಜೆ ಮುಂದಿಡುತ್ತದೆ, ‘ಅಷ್ಟೇ ಅಲ್ಲ, ಇದೂ’ ಎನ್ನುತ್ತದೆ ಎಂಬುದು ಅವರ ವಾದ. ನಮ್ಮ ಗಾದೆಯ ಸಾಕ್ಷ್ಯ ಕೂಗೆಲ್ ಪರವಾಗಿದೆ.

ಈ ಕಾವ್ಯ ಕನ್ನಡಕ್ಕೆ ಬಂದದ್ದು ಬಳ್ಳಾರಿಯ ದಾರಿಯಲ್ಲಿ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ್ದ ಈ ಸೀಮೆಗೆ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದ. ಅವನಿಗೆ ಹೆಗಲು ಕೊಟ್ಟ ವಿಲಿಯಂ ರೀವ್, 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ತಂದವನು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಮುಂದೆ ಅದು ಹಲವು ಬಾರಿ ತಿದ್ದುಪಡಿ ಕಂಡಿತು. ಕೀರ್ತನೆಗಳು ಕನ್ನಡ ಬೈಬಲಿನಲ್ಲಿ ನೆಲೆಗೊಂಡದ್ದು ಗದ್ಯವಾಗಿ. ದ್ವಿತೀಯಾಕ್ಷರ ಪ್ರಾಸವಿಲ್ಲದೆ ಪದ್ಯವೇ ಇಲ್ಲ ಎನ್ನುತ್ತಿದ್ದ ಸಂಪ್ರದಾಯದ ಎದುರು ಇದು ಬಡಕಲಾಗಿ ಕಂಡಿರಬಹುದು. ಆದರೆ ಅರ್ಥದ ಜೋಡಿ ಗದ್ಯದಲ್ಲೂ ಬದುಕುತ್ತದೆ. ಷಟ್ಪದಿಗೆ ಬಗ್ಗಿಸಿದ್ದರೆ ಪ್ರಾಸದ ಹಸಿವಿಗೆ ಜೋಡಿಗಳೇ ಬಲಿಯಾಗುತ್ತಿದ್ದವು ಎಂದು ನನ್ನ ಗುಮಾನಿ.

ಹಾಗೆಂದು ಭಾಷಾಂತರದಲ್ಲಿ ಏನೂ ಕದಲಲಿಲ್ಲ ಎಂದಲ್ಲ. ಹೀಬ್ರೂ ಸಾಲಿನಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಮುಂದೆ ಬರುತ್ತದೆ. ನಾನೇ ಕಟ್ಟಿದ ಒಂದು ಮಾದರಿ: ‘ತಂದನು ರೈತ ಭತ್ತವನ್ನು, ಕುರುಬ, ಗುಡ್ಡದ ಮೇಲಿನ ಕರಿಯ ಉಣ್ಣೆಯನ್ನು.’ ಮೊದಲ ಅರ್ಧದಲ್ಲೇ ಅರ್ಥ ಪೂರ್ಣ. ಎರಡನೆಯದು ‘ತಂದನು’ ಎಂಬುದನ್ನು ಎರವಲು ಪಡೆದು, ಅದರಿಂದ ತೆರವಾದ ಜಾಗದಲ್ಲಿ ವಿಶೇಷಣಗಳನ್ನು ತುಂಬಿಕೊಳ್ಳುತ್ತದೆ. ಹೆಜ್ಜೆ ಮುಂದೆ ಹೋಗುವುದು ಇಲ್ಲೇ. ಕನ್ನಡದ ಜಾಯಮಾನ ಬೇರೆ. ‘ರೈತ ಭತ್ತವನ್ನು, ಕುರುಬ ಉಣ್ಣೆಯನ್ನು ತಂದ’ ಎಂದಾಗ ಮೊದಲ ಅರ್ಧ ಗಾಳಿಯಲ್ಲಿ ತೂಗಾಡುತ್ತಿರುತ್ತದೆ, ಕೊನೆಯ ಪದ ಬಂದ ಮೇಲಷ್ಟೇ ನೆಲ ಮುಟ್ಟುತ್ತದೆ. ಇದನ್ನು ತಪ್ಪಿಸಲು ಭಾಷಾಂತರಕಾರರಿಗೆ ಇದ್ದ ಸುಲಭದ ದಾರಿಯೆಂದರೆ ಎರಡೂ ಕಡೆ ಕ್ರಿಯಾಪದ ಹಾಕುವುದು. ಸಾಲು ಭಾರವಾಗುತ್ತದೆ ನಿಜ. ಆದರೆ ‘ರೋಗವಿಲ್ಲ, ಜಗಳವಿಲ್ಲ’ ಎಂದು ಗಾದೆ ಮಾಡುವುದೂ ಅದನ್ನೇ. ವಚನದ ಸಮಾಂತರ ವಾಕ್ಯಗಳಿಗೆ ಪಳಗಿದ ಕಿವಿಗೆ ಈ ಪುನರಾವೃತ್ತಿ ಭಾರವೆನಿಸದು.

ಪೂರ್ತಿ ಕಳೆದುಹೋದದ್ದು ಅಕ್ಷರದ ಆಟ. 119ನೆಯ ಕೀರ್ತನೆಯಲ್ಲಿ 22 ಹೀಬ್ರೂ ಅಕ್ಷರಗಳಿಗೆ ತಲಾ 8ರಂತೆ 176 ಸಾಲುಗಳಿವೆ. ಪ್ರತಿ ಗುಂಪಿನ ಎಂಟೂ ಸಾಲುಗಳು ಒಂದೇ ಅಕ್ಷರದಿಂದ ಶುರುವಾಗುತ್ತವೆ. ಕನ್ನಡದ ವರ್ಣಮಾಲೆಯಲ್ಲಿ ಅದಕ್ಕೆ ಎಡೆಯಿಲ್ಲ.

ವಸ್ತುವಿನ ವಿಷಯಕ್ಕೆ ಬಂದರೆ, 150 ಕೀರ್ತನೆಗಳ ಐದು ಭಾಗಗಳಲ್ಲಿ ಸೃಷ್ಟಿ, ಅರಸು, ಸಿಯೋನ್ ಬೆಟ್ಟ, ಸೆರೆ ಎಲ್ಲವೂ ಬರುತ್ತವೆ. ಆದರೆ ಸಂಖ್ಯೆಯಲ್ಲಿ ಮೇಲುಗೈ ಮೊರೆಯದು. ಭಕ್ತ ದೇವರನ್ನು ದಬಾಯಿಸುತ್ತಾನೆ, ಎಷ್ಟು ದಿನ ಸುಮ್ಮನಿರುತ್ತೀ ಎಂದು ಕೇಳುತ್ತಾನೆ, ಬಹಳ ಸಲ ಅದೇ ಉಸಿರಿನಲ್ಲಿ ಸ್ತುತಿಗೆ ಹೊರಳುತ್ತಾನೆ. ‘ಪ್ರಲಾಪಗಳು’ ಎಂಬ ಇನ್ನೊಂದು ಗ್ರಂಥದಲ್ಲಿ ಸಾಲೇ ಕುಂಟುತ್ತದೆ: ಮೊದಲ ಅರ್ಧದಲ್ಲಿ ಮೂರು ಒತ್ತು, ಎರಡನೆಯದರಲ್ಲಿ ಎರಡೇ. 1882ರಲ್ಲಿ ಕಾರ್ಲ್ ಬುಡ್ಡೆ ಇದನ್ನು ಶೋಕಗೀತೆಯ ಲಯವೆಂದು ಗುರುತಿಸಿದ. ಹೆಣದ ಮುಂದೆ ಕೂತು ಹಾಡಿಕೊಂಡು ಅಳುವ ನಮ್ಮ ಕಡೆಯ ಹೆಂಗಸರ ದನಿಯೂ ಸಾಲಿನ ಕೊನೆಯಲ್ಲಿ ಹೀಗೇ ಕುಸಿಯುತ್ತದೆ. ಹಳೆಯ ಇಸ್ರೇಲಿನಲ್ಲೂ ಅಳುವುದನ್ನೇ ವಿದ್ಯೆಯಾಗಿ ಬಲ್ಲ ಹೆಂಗಸರಿದ್ದರು. ಒಂದರಿಂದ ಇನ್ನೊಂದು ಬಂತೆಂದು ಹೇಳಲು ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ.

ಇನ್ನು ಹೆಸರು. ಹೀಬ್ರೂವಿನಲ್ಲಿ ಈ ಗ್ರಂಥ ‘ತೆಹಿಲ್ಲೀಮ್’, ಎಂದರೆ ಸ್ತುತಿಗಳು. ಕನ್ನಡದ ‘ಕೀರ್ತನೆ’ ಅದಕ್ಕೆ ಹೇಳಿ ಮಾಡಿಸಿದ ಪದ. ಪುರಂದರದಾಸರ ಹಂಪಿ ಈ ಸೀಮೆಯದೇ. ಸಿರುಗುಪ್ಪದ ಹೊಳೆ ದಾಟಿದರೆ ರಾಯಚೂರು ಸೀಮೆ, ವಿಜಯದಾಸರ ಚೀಕಲಪರ್ವಿ. 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಮೊದಲು ಅಚ್ಚು ಹಾಕಿಸಿದವನು ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಯೇ. ದಾಸರ ಪದದ ಕೊನೆಯಲ್ಲಿ ಅಂಕಿತವಿರುತ್ತದೆ; ಅದು ದೇವರ ಹೆಸರೂ ಹೌದು, ಕವಿಯ ಗುರುತೂ ಹೌದು. ಹೀಬ್ರೂ ಕೀರ್ತನೆಯಲ್ಲಿ ಹೆಸರು ತಲೆಬರಹದಲ್ಲಿ. 73 ಕೀರ್ತನೆಗಳ ನೆತ್ತಿಯ ಮೇಲೆ ‘ಲೆದಾವಿದ್’ ಎಂದಿದೆ. ಆ ‘ಲೆ’ಗೆ ದಾವೀದ ಬರೆದದ್ದು, ದಾವೀದನಿಗಾಗಿ ಬರೆದದ್ದು, ದಾವೀದನನ್ನು ಕುರಿತದ್ದು ಎಂದೆಲ್ಲ ಅರ್ಥ ಹಚ್ಚಿ ವಿದ್ವಾಂಸರು ಜಗಳವಾಡುತ್ತ ಬಂದಿದ್ದಾರೆ. ಕನ್ನಡದಲ್ಲಿ ಅದು ‘ದಾವೀದನ ಕೀರ್ತನೆ’. ರಾಮನ ಹಾಡು ಎಂದರೆ ರಾಮ ಹಾಡಿದ್ದೋ, ರಾಮನನ್ನು ಕುರಿತು ಹಾಡಿದ್ದೋ? ನಮ್ಮ ಷಷ್ಠಿ ವಿಭಕ್ತಿ ಆ ಜಗಳವನ್ನು ಬಗೆಹರಿಸದೆ ಹಾಗೆಯೇ ದಾಟಿಸಿಬಿಟ್ಟಿದೆ.