ವಾದದಲ್ಲಿ ಛಲ ಸಲ್ಲುವುದೆ?

ಮೂಡಬಿದಿರೆಗೆ ಹೋದವರು 1430ರ ಕಾಲದ ಸಾವಿರಕಂಬದ ಬಸದಿಯನ್ನು ನೋಡದೆ ಬರುವುದಿಲ್ಲ. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರೂ ಅದೇ ಎಂಬುದನ್ನು ನೆನೆಯುವವರು ಕಡಮೆ. ಆ ವಿದ್ವತ್ಪರಂಪರೆ ಬಹು ಹಿಂದೆಯೇ ಎದುರಿಸಿದ ಪ್ರಶ್ನೆಯೊಂದನ್ನು ಇಂದು ತಮ್ಮ ಮುಂದಿಡುತ್ತೇನೆ: ಜನರನ್ನು ವಿಚಾರದ ಕಡೆಗೆ ತಿರುಗಿಸಲು ವಿಚಾರವಲ್ಲದ ಉಪಾಯಗಳನ್ನು ಬಳಸಬಹುದೆ?

ಬಳಸಬಹುದೆಂದು ನ್ಯಾಯಸೂತ್ರಕಾರನ ಮತ. ಮೊಳಕೆಯನ್ನು ಕಾಯಲು ಮುಳ್ಳುಬೇಲಿ ಬೇಕಾದಂತೆ, ತತ್ತ್ವನಿಶ್ಚಯವನ್ನು ಕಾಯಲು ಜಲ್ಪ ವಿತಂಡೆಗಳು ಬೇಕೆಂದು ಅವನು ಹೇಳಿರುವನು. ಜಲ್ಪದಲ್ಲಿ ಛಲಕ್ಕೂ ಎಡೆಯುಂಟು. ಛಲವೆಂದರೆ ಇಲ್ಲಿ ಹಟವಲ್ಲ. ಎದುರಾಳಿಯ ಮಾತಿಗೆ ಅವನೆಣಿಸದ ಅರ್ಥವನ್ನು ಹಚ್ಚಿ ಸಿಕ್ಕಿಸುವುದು. ಎಂಟನೆಯ ಶತಮಾನದ ಜೈನತಾರ್ಕಿಕ ಅಕಲಂಕನು ಇದನ್ನೊಪ್ಪಲಿಲ್ಲ. ತನ್ನ ಪಕ್ಷವನ್ನು ಪ್ರಮಾಣದಿಂದ ಸಾಧಿಸಿದರೆ ಮಾತ್ರ ಜಯ. ಸತ್ಯದ ರಕ್ಷಣೆಗೂ ಛಲ ಸಲ್ಲದು.

ವಿನೋದವೆಂದರೆ, ಲೋಕವು ನೆನಪಿಟ್ಟುದು ಅವನ ನಿಯಮವನ್ನಲ್ಲ, ಅವನ ಕಥೆಯನ್ನು. ಹಿಮಶೀತಲರಾಜನ ಸಭೆಯಲ್ಲಿ ಬೌದ್ಧರ ಪರವಾಗಿ ತಾರಾದೇವಿಯು ಮಡಕೆಯೊಳಗೆ ಅಡಗಿದ್ದಳೆಂದೂ, ಅಕಲಂಕನು ಅದನ್ನು ಕಾಲಿನಿಂದೊದೆದು ಒಡೆದನೆಂದೂ ಪ್ರತೀತಿ. ಶ್ರವಣಬೆಳಗೊಳದ 1129ರ ಮಲ್ಲಿಷೇಣಪ್ರಶಸ್ತಿಯಲ್ಲಿ ಇದರ ಉಲ್ಲೇಖವಿದೆ. ಕಥೆ ಗೆದ್ದವರ ಕಡೆಯದು. ಬೌದ್ಧನಾದ ಧರ್ಮಕೀರ್ತಿಯು ಅಕಲಂಕನಿಗಿಂತ ಮೊದಲೇ ‘ವಾದನ್ಯಾಯ’ದಲ್ಲಿ ಛಲವನ್ನು ನಿರಾಕರಿಸಿದ್ದನು. ಹೀಗಿರಲು, ಬೌದ್ಧರ ಮೇಲೆ ಮಡಕೆಯ ಕಪಟವನ್ನು ಹೊರಿಸಿ ಕೇಳುವವರ ಮನಸ್ಸನ್ನು ಸೆಳೆಯುವ ಈ ಕಥೆಯೇ ಒಂದು ಛಲವಲ್ಲವೆ?

ಮೂಡಬಿದಿರೆಯ ರತ್ನಾಕರವರ್ಣಿಯ ದಾರಿ ಬೇರೆ. ಹದಿನಾರನೆಯ ಶತಮಾನದಲ್ಲಿ ಅವನು ‘ಭರತೇಶವೈಭವ’ವನ್ನು ಹಾಡುವ ಸಾಂಗತ್ಯದಲ್ಲಿ ರಚಿಸಿ, ಚಕ್ರವರ್ತಿಯ ಭೋಗದ ಕಥೆಯೊಳಗೆ ಅಧ್ಯಾತ್ಮವನ್ನು ಬೆರಸಿದನು. ಇದೂ ಮನವೊಲಿಸುವ ಉಪಾಯವೇ. ಆದರೆ ಹಾಡನ್ನು ಹಾಡೆಂದು ತಿಳಿದೇ ಕೇಳುತ್ತೇವೆ. ಇಲ್ಲಿ ತೆರೆಯ ಹಿಂದೆ ಯಾರೂ ಅಡಗಿಲ್ಲ.

ನಮ್ಮ ಕಾಲದಲ್ಲಿ ಇದೇ ಜಿಲ್ಲೆಯಲ್ಲಿ, ಮಂಗಳೂರಿನ ನರೇಂದ್ರ ನಾಯಕರಂತಹ ವಿಚಾರವಾದಿಗಳು ಪವಾಡಗಳ ಗುಟ್ಟನ್ನು ಬಯಲುಮಾಡುವ ಪ್ರದರ್ಶನಗಳನ್ನು ನಡೆಸಿರುವರು. ಇಂತಹ ಪ್ರದರ್ಶನಗಳಲ್ಲಿ ಬರಿಗೈಯಿಂದ ವಿಭೂತಿ ಉದುರುವುದುಂಟು. ಸಭೆ ಬೆರಗಾದ ಬಳಿಕ, ಬೆರಳ ಸಂದಿಯಲ್ಲಿ ಬಚ್ಚಿಟ್ಟಿದ್ದ ಬೂದಿಯ ಗುಳಿಗೆಯನ್ನು ತೋರಿಸುವುದುಂಟು. ಮಡಕೆಯನ್ನು ತಾನೇ ತಂದು ಎಲ್ಲರೆದುರು ತಾನೇ ಒಡೆಯುವವನನ್ನು ಕಪಟಿಯೆನ್ನಲು ನನಗೆ ಮನಸ್ಸು ಬಾರದು. ನನ್ನ ಶಂಕೆಯಿರುವುದು ಆಮೇಲಿನ ಚಪ್ಪಾಳೆಯಲ್ಲಿ. ಒಂದು ಗುಳಿಗೆಯನ್ನು ಕಂಡ ಸಭೆಯು, ಕಾಣದ ಇನ್ನೊಂದು ಕೈಯ ವಿಷಯದಲ್ಲಿಯೂ ಅದೇ ಭರದಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಆ ಕೈಯನ್ನೂ ಬಿಡಿಸಿ ನೋಡಬೇಕೆಂದು ಅಕಲಂಕನು ಕೇಳದೆ ಇರುತ್ತಿರಲಿಲ್ಲ.